ಗೋಣೆಪ್ಪ ಆರಿಸಿದ ಗಾಳಿ

ನಮ್ಮ ಹಿತ್ತಲ ಮನೆಯನ್ನು ಬಾಡಿಗೆಗೆ ಕೇಳಲು ಬಂದ ಗೋಣೆಪ್ಪ ಒಳಗೆ ಕಾಲಿಡುವ ಮೊದಲು ಅದರ ಸುತ್ತ ಒಂದು ಸುತ್ತು ಹಾಕಿದ. ನೀರು ಎಲ್ಲಿಂದ ತರಬೇಕು, ಮಳೆಗೆ ಸೋರುತ್ತದೆಯೇ ಎಂದು ಎಲ್ಲರೂ ಕೇಳುವ ಮಾತನ್ನು ಅವನು ಕೇಳಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿದ. ನಮ್ಮತ್ತೆ ಉಚ್ಚಂಗೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಇವನಿಗೆ ಎಲ್ಲೋ ಒಂದು ಮೊಳೆ ಸಡಿಲಾಗಿದೆ ಎಂದುಕೊಂಡರಂತೆ. ಆದರೂ ಮನೆ ಕೊಟ್ಟರು.

ಎಂಬತ್ತೇಳನೇ ಇಸವಿಯ ಮಳೆಗಾಲ ಅದು. ನಾನು ಹಾವೇರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವಳು, ಅದೇ ವರ್ಷ ಮೋಟೆಬೆನ್ನೂರಿಗೆ ಸೊಸೆಯಾಗಿ ಬಂದಿದ್ದೆ. ಹೆದ್ದಾರಿಯ ಲಾರಿ ಸದ್ದು ಬಿಟ್ಟರೆ ಇಡೀ ದಿನ ಬಿಕೋ ಎನ್ನುವ ಊರು. ಮಾತಿಗೆ ಜನ ಸಿಗದೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಇಂಥ ಊರನ್ನು ಹುಡುಕಿಕೊಂಡು ಬರುವ ಪುಣ್ಯಾತ್ಮರೂ ಇರುತ್ತಾರೆ ಎಂದು ಗೊತ್ತಾದದ್ದು ಗೋಣೆಪ್ಪನಿಂದಲೇ.

ಅವನು ಮೂಲತಃ ಕರ್ಜಗಿಯವನು. ಮೀಸೆ ಚಿಗುರುವ ವಯಸ್ಸಿಗೆ ಬ್ಯಾಡಗಿಗೆ ಬಂದು ಮೆಣಸಿನಕಾಯಿ ಪೇಟೆಯಲ್ಲಿ ಹಮಾಲನಾದ. ರೈತರು ತಂದ ಚೀಲಗಳನ್ನು ದಲಾಲಿ ಅಂಗಡಿಯ ಮುಂದೆ ಸುರಿದು ರಾಶಿ ಮಾಡುವುದು, ವ್ಯಾಪಾರ ಮುಗಿದ ಮೇಲೆ ಅದೇ ಕಾಯಿಯನ್ನು ಮತ್ತೆ ಚೀಲಕ್ಕೆ ತುಂಬುವುದು ಅವನ ಕೆಲಸ. ಒಣ ಮೆಣಸಿನಕಾಯಿ ಹತ್ತಿಯಂತೆ ಉಬ್ಬಿ ಕೂರುವ ಮಾಲು. ಅದಕ್ಕೇ ಹಮಾಲರು ಚೀಲದೊಳಗೆ ಇಳಿದು ನಿಂತು ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡುತ್ತಾರೆ. ತುಳಿಯುವಾಗ ಏಳುವ ಕೆಂಪು ಧೂಳು ಅವರ ಕೂದಲು, ಹುಬ್ಬು, ಅಂಗಿಯ ಹೊಲಿಗೆ ಎಲ್ಲದರಲ್ಲೂ ಕೂರುತ್ತದೆ. ಹೊಸಬರು ಅಲ್ಲಿ ನಿಂತ ಗಳಿಗೆಯಲ್ಲೇ ಕೆಮ್ಮಿ ಕಣ್ಣೀರಿಟ್ಟು ಓಡುತ್ತಾರೆ. ಗೋಣೆಪ್ಪ ಅದರಲ್ಲೇ ಕುಳಿತು ಊಟ ಮಾಡುತ್ತಿದ್ದ. ಅವನ ಹೆಂಡತಿ ಮರಿಯವ್ವ ಬ್ಯಾಡಗಿಯಲ್ಲೇ ಹುಟ್ಟಿದವಳು, ಬುದ್ಧಿ ತಿಳಿದಾಗಿನಿಂದ ಕಾಯಿಯ ತೊಟ್ಟು ಬಿಡಿಸಿದವಳು. ಇಬ್ಬರಿಗೂ ಘಾಟೆಂದರೆ ಏನೆಂದೇ ಗೊತ್ತಿರಲಿಲ್ಲ.

ಮಗಳು ಗುತ್ತೆವ್ವ ಹಾಗಾಗಲಿಲ್ಲ. ಮದುವೆಯಾಗಿ ಬಹಳ ವರ್ಷಕ್ಕೆ, ಆಸೆ ಬಿಟ್ಟ ಮೇಲೆ ಹುಟ್ಟಿದ ಒಂದೇ ಕೂಸು. ಸುಗ್ಗಿ ಶುರುವಾಗಿ ಪೇಟೆಯಲ್ಲಿ ಧೂಳೆದ್ದರೆ ಅವಳಿಗೆ ಉಬ್ಬಸ ಬರುತ್ತಿತ್ತು. ಎದೆ ಗೂಡು ಒಳಗೆ ಹೋಗಿ, ತುಟಿ ನೀಲಿಯಾಗಿ, ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದಳು. ರಾಣೆಬೆನ್ನೂರಿನ ಡಾಕ್ಟರು ನೋಡಿ, ಮೆಣಸಿನಕಾಯಿಯಿಂದ ದೂರ ಇಡದಿದ್ದರೆ ಈ ಹುಡುಗಿ ಉಳಿಯುವುದು ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು.

ಆಮೇಲೆ ಗೋಣೆಪ್ಪ ಬಿಡುವಿದ್ದಾಗಲೆಲ್ಲ ಸೈಕಲ್ ಹತ್ತಿ ಊರು ಹುಡುಕಿದ. ರಾಣೆಬೆನ್ನೂರು ಬೇಡವೆಂದ, ಆಟೋ ಹೊಗೆ, ಗಿರಣಿ ಧೂಳು, ಒಂದು ಬಿಟ್ಟು ಇನ್ನೊಂದಕ್ಕೆ ಹೋದ ಹಾಗಾಗುತ್ತದೆ. ಕರ್ಜಗಿಯಲ್ಲಿ ಅಣ್ಣನ ಮನೆಯಿತ್ತು, ಬಾ ಎಂದು ಅವನೂ ಕರೆದ. ಆದರೆ ಅಲ್ಲಿಂದ ದಿನಾ ಬ್ಯಾಡಗಿಗೆ ಹೋಗಿ ಬರುವುದಾಗದು, ವಾರಕ್ಕೊಮ್ಮೆ ಬರಬೇಕಾಗುತ್ತದೆ. ಮಗಳ ಮುಖ ವಾರಕ್ಕೊಮ್ಮೆ ನೋಡುವ ಬಾಳು ಬಾಳೇ ಅಲ್ಲ ಎಂದು ಅಣ್ಣನ ಎದುರೇ ಹೇಳಿ ಬಂದ. ಕೊನೆಗೆ ಮನಸ್ಸಿಗೆ ಬಂದದ್ದು ನಮ್ಮೂರು. ಸುತ್ತ ಹೊಲ, ಬಯಲ ಗಾಳಿ, ಸಂಜೆಗೆ ಸೈಕಲ್ ತುಳಿದರೆ ದೀಪ ಹಚ್ಚುವ ಹೊತ್ತಿಗೆ ಮನೆ.

ಮಳೆಗಾಲವಿಡೀ ಗುತ್ತೆವ್ವ ಚೆನ್ನಾಗಿದ್ದಳು. ನಮ್ಮ ಎಮ್ಮೆ ಕರುವಿನ ಬೆನ್ನು ಹತ್ತಿ ಓಡುತ್ತಿದ್ದಳು, ಕೆನ್ನೆಗೆ ರಕ್ತ ಬಂತು. ಗೋಣೆಪ್ಪನ ಸಂಭ್ರಮ ನೋಡಬೇಕಿತ್ತು. ಈ ಊರಿನ ಗಾಳಿಯನ್ನು ಅವನೇ ತಯಾರು ಮಾಡಿದ ಹಾಗೆ ಕಂಡಕಂಡವರಿಗೆ ಹೊಗಳುತ್ತಿದ್ದ. ಪೇಟೆಯಲ್ಲಿ ಜೊತೆಗೆ ದುಡಿಯುವ ಮಲ್ಲಿಕಸಾಬನಿಗೂ ಇಲ್ಲೇ ಒಂದು ಮನೆ ನೋಡಲೇನು ಎಂದು ಗಂಟು ಬಿದ್ದಿದ್ದನಂತೆ. ಮಳೆಗಾಲದಲ್ಲಿ ಪೇಟೆಗೆ ಮಾಲೇ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅದನ್ನೂ ಇದನ್ನೂ ಜೋಡಿಸಿ ನೋಡಲು ಯಾರಿಗೂ ಹೊಳೆಯಲಿಲ್ಲ.

ದೀಪಾವಳಿ ಮುಗಿದು ಹೊಸ ಕಾಯಿ ಬರತೊಡಗಿತು. ಗೋಣೆಪ್ಪ ಸಂಜೆ ಬಂದವನೇ ಕೈಕಾಲು ತೊಳೆದು ಮಗಳನ್ನು ಎತ್ತಿಕೊಳ್ಳುತ್ತಿದ್ದ. ಸ್ನಾನವೇನಿದ್ದರೂ ಬೆಳಿಗ್ಗೆ, ದುಡಿಯುವ ಜನರ ಮನೆಗಳಲ್ಲಿ ಎಲ್ಲ ಕಡೆ ಇದ್ದ ರೂಢಿಯೇ ಅದು. ಉಣ್ಣುವಾಗ ಮಗಳು ತೊಡೆಯ ಮೇಲೆ, ಮಲಗುವಾಗ ತೋಳಿನ ಮೇಲೆ. ಸ್ವಲ್ಪ ದಿನದಲ್ಲೇ ಗುತ್ತೆವ್ವನಿಗೆ ಉಬ್ಬಸ ತಿರುಗಿ ಬಂತು, ಅದೂ ಬ್ಯಾಡಗಿಯಲ್ಲಿದ್ದಾಗಿನದಕ್ಕಿಂತ ಜೋರಾಗಿ.

ಕಾರಣ ಹುಡುಕಲು ಹೊರಟರೆ ಊರಿನಲ್ಲಿ ಕಾರಣಗಳಿಗೇನು ಬರ? ಒಬ್ಬರು ಬಾವಿ ನೀರು ಎಂದರು, ಒಬ್ಬರು ಇಬ್ಬನಿ, ಇನ್ನೊಬ್ಬರು ಹಿತ್ತಲ ಹುಣಸೆಮರ. ಗೋಣೆಪ್ಪ ನೀರು ಕಾಯಿಸಿ ಕುಡಿಸಿದ. ಕಿಟಕಿಗೆ ಗೋಣಿ ಬಡಿದು ತಾನೇ ಆರಿಸಿದ ಗಾಳಿಯನ್ನು ಹೊರಗಿಟ್ಟ. ಡಾಕ್ಟರ ಹತ್ತಿರ ಮತ್ತೆ ಹೋದ. ಬ್ಯಾಡಗಿ ಬಿಟ್ಟಿರೋ ಇಲ್ಲವೋ ಎಂದು ಅವರು ಕೇಳಿದ್ದಕ್ಕೆ, ಬಿಟ್ಟು ಆರು ತಿಂಗಳಾಯಿತು ಎಂದು ಎದೆ ತಟ್ಟಿ ಹೇಳಿ ಬಂದ. ಅವರು ಬೇರೆ ಗುಳಿಗೆ ಬರೆದುಕೊಟ್ಟರು.

ಗೋಣೆಪ್ಪ ಚಹದಂಗಡಿಗೆ ಬಂದರೆ ಕೂತವರೆಲ್ಲ ಸಾಲಾಗಿ ಸೀನುತ್ತಿದ್ದರು. ಗೋಣೆಪ್ಪ ಬಂದ, ಒಗ್ಗರಣೆ ಬಿತ್ತು ಎಂದು ತಮಾಷೆ ಮಾಡುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ತನ್ನ ಕಸುಬನ್ನು ಹಿಡಿದು ಆಡಿಕೊಳ್ಳುತ್ತಿದ್ದಾರೆ, ಸೀನುವುದೂ ನಾಟಕವೇ ಎಂದು ತಿಳಿದಿದ್ದ. ನಗೆ ಮುಗಿದ ಮೇಲೆ, ನಿನ್ನ ಅಂಗಿ ಖರೇನೇ ನಾರುತ್ತಿದೆ ಎಂದು ಒಬ್ಬ ಮನುಷ್ಯನಿಗೆ ಮುಖದ ಮೇಲೆ ಹೇಳುವುದು ಮರ್ಯಾದೆಯಲ್ಲವೆಂದು ಊರವರು ಬಿಟ್ಟರು. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ.

ಸಂಕ್ರಾಂತಿಯ ಆಸುಪಾಸಿನ ಒಂದು ಸಂಜೆ ಮರಿಯವ್ವ ಚೀರುತ್ತ ನಮ್ಮ ಹಿಂಬಾಗಿಲಿಗೆ ಬಂದಳು. ನಾನೂ ಅತ್ತೆಯೂ ಓಡಿದೆವು. ಮುಚ್ಚಿದ ಆ ಸಣ್ಣ ಕೋಣೆಯೊಳಗೆ ಹೋಗುತ್ತಲೇ ನನಗೆ ಕಣ್ಣುರಿ ಬಂದು ಕೆಮ್ಮು ಒತ್ತರಿಸಿತು. ಗೋಣೆಪ್ಪ ಗೋಡೆಗೆ ಆತು ಕುಳಿತಿದ್ದ. ಪೇಟೆಯಿಂದ ಬಂದ ಅಂಗಿಯಲ್ಲೇ ಇದ್ದ. ಥಂಡಿ ತಾಗದಿರಲೆಂದು ಮಗಳನ್ನು ತನ್ನ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ, ಮುಖವನ್ನು ಎದೆಗೆ ಅವಚಿಕೊಂಡಿದ್ದ. ಅವಳು ಎರಡೂ ಕೈಯಿಂದ ಅವನ ಎದೆಯನ್ನು ದೂಡುತ್ತಿದ್ದಳು. ಅವಳು ದೂಡಿದಷ್ಟೂ ಅವನು, ಸಂಕಟಕ್ಕೆ ಒದ್ದಾಡುತ್ತಿದ್ದಾಳೆ ಎಂದು ಬಿಗಿಯಾಗಿ ಹಿಡಿಯುತ್ತಿದ್ದ. ಅವನ ಕಣ್ಣಲ್ಲಿ ಧಾರಾಕಾರ ನೀರು. ಆ ನೋಟ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅತ್ತೆ ಎರಡು ಸಲ ಸೀನಿದರು. ಮೂರನೆಯದು ಬರುವಷ್ಟರಲ್ಲಿ ಅವರಿಗೆ ಅರ್ಥವಾಗಿಬಿಟ್ಟಿತು.

"ಗೋಣೆಪ್ಪ, ಕೂಸಿನ್ನ ನನ್ನ ಕೈಯಾಗ ಕೊಡು. ನಿನ್ನ ಮೈತುಂಬ ಮೆಣಸಿನಕಾಯಿ ಘಾಟ ಐತಿ, ಅದಕ್ಕ ಉಸರ ಕಟ್ಟಾಕತ್ತೈತಿ."

ಅವನು ಕೊಡಲಿಲ್ಲ. ಅತ್ತೆ ಅವನ ಕೈ ಬಿಡಿಸಿ, ವಲ್ಲಿ ಕಿತ್ತೆಸೆದು, ಹುಡುಗಿಯನ್ನು ಹೊತ್ತುಕೊಂಡು ಬಯಲಿಗೆ ಓಡಿದರು. ತಣ್ಣನೆಯ ಗಾಳಿಯಲ್ಲಿ ಮುಖ ತೊಳೆದು, ಗುಳಿಗೆ ನುಂಗಿಸಿ, ಬೆನ್ನು ನೀವುತ್ತ ಕೂತರು. ಬಹಳ ಹೊತ್ತಿನ ಮೇಲೆ ಎದೆ ಏರಿಳಿಯುವುದು ಸಮನಾಯಿತು. ಆಗ ಗೋಣೆಪ್ಪ ಹೊರಗೆ ಬಂದ. ಅಂಗಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದ, ಅದನ್ನು ಮೂಗಿಗೆ ಒತ್ತಿ ಒತ್ತಿ ಮೂಸುತ್ತಿದ್ದ.

"ಎಲ್ಲಿ ಐತ್ರೀ ಅವ್ವಾರ? ನನಗೇನೂ ಬರವಲ್ದು."

ಮರಿಯವ್ವನೂ ಮೂಸಿ ನೋಡಿದಳು. ಅವಳಿಗೂ ಏನೂ ತಿಳಿಯಲಿಲ್ಲ. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ಮರುದಿನದಿಂದ ಗೋಣೆಪ್ಪ ಮನೆಗೆ ಬರುವ ಮೊದಲು ನಮ್ಮ ಹೊಲದ ಬಾವಿಗೆ ಹೋಗುತ್ತಿದ್ದ. ಪೇಟೆಯ ಬಟ್ಟೆಯನ್ನು ಅಲ್ಲೇ ಕಲ್ಲಿನ ಕೆಳಗಿಟ್ಟು, ಮಾಗಿಯ ಚಳಿಯಲ್ಲಿ ತಣ್ಣೀರು ಸುರಿದುಕೊಂಡು, ತಲೆಗೂದಲಿಗೆ ಸಬಕಾರ ಹಚ್ಚಿ ಉಜ್ಜಿ, ಬೇರೆ ಬಟ್ಟೆ ತೊಟ್ಟು ಬರುತ್ತಿದ್ದ. ತಲೆ ಬೋಳಿಸಿಕೊಂಡ. ಹಾಸಿಗೆ, ಕೌದಿ ಎಲ್ಲವನ್ನೂ ಮರಿಯವ್ವ ಕುದಿಸಿ ಒಗೆದಳು. ಗುತ್ತೆವ್ವನ ಉಬ್ಬಸ ಕಡಿಮೆಯಾಗುತ್ತ ಬಂತು. ಹಗಲೆಲ್ಲ ಆಡಿಕೊಂಡಿರುತ್ತಿದ್ದಳು. ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಯಾಕೆ ಬರೆಯುತ್ತಿದ್ದೆ?

ಹುಡುಗಿ ಅಪ್ಪನ ಹತ್ತಿರ ಹೋಗುವುದನ್ನು ಬಿಟ್ಟಳು. ಅವನು ಬಂದ ಕೂಡಲೇ ತಾಯಿಯ ಸೆರಗಿನ ಹಿಂದೆ ಸೇರುತ್ತಿದ್ದಳು. ಒಂದು ದಿನ ಅವನು ಕಟ್ಟೆಯ ಮೇಲೆ ಕುಳಿತು, ಬಾರವ್ವ ನನ್ನ ತಾಯಿ ಎಂದು ಕೈ ಚಾಚಿದ. ಅವಳು ನಿಂತಲ್ಲಿಂದಲೇ ಹೇಳಿದಳು:

"ನೀ ಹಿಡಕೊಂಡ್ರ ನನಗ ಉಸರ ಬರೂದಿಲ್ಲ."

ಮರಿಯವ್ವ ಗದರಿದಳು. ಗೋಣೆಪ್ಪ ಎದ್ದು, ಮತ್ತೆ ಬಾವಿಗೆ ಹೋಗಿ ಇನ್ನೊಮ್ಮೆ ಮೈ ತೊಳೆದುಕೊಂಡು ಬಂದ. ಬಂದವನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮೂಗು ಸತ್ತಿದೆ, ಇನ್ನೂ ವಾಸನೆ ಉಳಿದಿದೆಯೇ ನೀವೇ ನೋಡಿ ಹೇಳಿ ಎಂದು ಅತ್ತೆಯನ್ನು ಕೇಳಿದ. ಅವರು ಹತ್ತಿರ ಹೋಗಿ ನೋಡಿ, ಸಬಕಾರದ ವಾಸನೆ ಬಿಟ್ಟರೆ ಏನೂ ಇಲ್ಲಪ್ಪ ಎಂದರು. ಅದನ್ನು ಕೇಳಿ ಅವನ ಮುಖ ಬಿದ್ದುಹೋಯಿತು. ವಾಸನೆಯಾಗಿದ್ದರೆ ತೊಳೆಯಬಹುದಿತ್ತು. ಮಗಳು ಹೆದರುತ್ತಿದ್ದದ್ದು ಅವನ ಕೈಗಳಿಗೆ.

ಆದರೂ ಅವನು ಆಸೆ ಬಿಡಲಿಲ್ಲ. ಪೆಪ್ಪರಮಿಂಟು ತಂದ, ತಗಡಿನ ಬಸ್ಸು ತಂದ. ಅವನ್ನು ಹೊಸ್ತಿಲ ಮೇಲಿಟ್ಟು ದೂರ ಸರಿದರೆ ಮಾತ್ರ ಅವಳು ಬಂದು ಎತ್ತಿಕೊಳ್ಳುತ್ತಿದ್ದಳು. ಒಂದು ಸಂಜೆ ತಡೆಯಲಾರದೆ, ಹಿಂದಿನಿಂದ ಬಂದು ನಗಿಸಲೆಂದು ಅವಳನ್ನು ಎತ್ತಿಬಿಟ್ಟ. ಅವಳು ಕಿಟ್ಟನೆ ಕಿರುಚಿದಳು, ಅಷ್ಟಕ್ಕೇ ಉಬ್ಬಸ ಶುರುವಾಯಿತು. ಆಮೇಲಾಮೇಲೆ ಅವನು ಮುಟ್ಟುವುದೂ ಬೇಕಾಗಲಿಲ್ಲ. ಓಣಿಯ ತಿರುವಿನಲ್ಲಿ ಅವನ ಸೈಕಲ್ ಸದ್ದಾದರೆ ಸಾಕು, ಹುಡುಗಿಯ ಎದೆ ಗೊರಗೊರ ಎನ್ನುತ್ತಿತ್ತು. ಹೆದರಿಕೆಯಿಂದಲೂ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಅದಕ್ಕೆ ಗುಳಿಗೆ ಬರೆಯಲಿಲ್ಲ.

ಶಿವರಾತ್ರಿಗೆ ಮುಂಚೆ ಗೋಣೆಪ್ಪ ಒಂದು ತೀರ್ಮಾನಕ್ಕೆ ಬಂದ. ಬ್ಯಾಡಗಿಯಲ್ಲಿ ಮಲ್ಲಿಕಸಾಬನ ಮನೆಯ ಹತ್ತಿರ ಒಂದು ಖೋಲಿ ಸಿಕ್ಕಿದೆ, ತಾನು ಅಲ್ಲೇ ಇರುವುದಾಗಿ ಅತ್ತೆಗೆ ಹೇಳಿದ. ಕರ್ಜಗಿಯೇ ಆಗಿದ್ದರೆ ವಾರಕ್ಕೊಮ್ಮೆಯಾದರೂ ಬರುತ್ತಿದ್ದೆನಲ್ಲ ಎಂದು ಹೇಳಿ ನಗಲು ನೋಡಿದ, ನಗೆ ಬರಲಿಲ್ಲ. ಮರಿಯವ್ವ ತಾನೂ ಬರುತ್ತೇನೆಂದು ಅತ್ತಳು. ಅವಳ ಅಳುವನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ನೀವು ಇಲ್ಲೇ ಇರ್ರಿ. ಇಲ್ಲಿ ಗಾಳಿ ಚಲೋ ಐತಿ."

ಬೆಳಿಗ್ಗೆ ಗಂಟು ಕಟ್ಟಿಕೊಂಡು ಅವನು ಹೆದ್ದಾರಿಗೆ ಹೊರಟ. ಸೈಕಲನ್ನು ಹಿಂದಿನ ದಿನವೇ ಬ್ಯಾಡಗಿಯಲ್ಲಿ ಬಿಟ್ಟು ಬಂದಿದ್ದ. ಮರಿಯವ್ವ ಒಳಗಿನಿಂದ ಹೊರಗೆ ಬರಲೇ ಇಲ್ಲ. ನಾನು ಹಾಲು ಕೊಡಲು ಆ ಕಡೆ ಹೊರಟಿದ್ದವಳು, ನೋಡುತ್ತೇನೆ, ಗುತ್ತೆವ್ವ ಅವನ ಹಿಂದೆ ಹೋಗುತ್ತಿದ್ದಾಳೆ. ಕೈಗೆ ಸಿಗದಷ್ಟು ದೂರ ಬಿಟ್ಟು, ಆದರೂ ಹಿಂದೆಯೇ. ಗೋಣೆಪ್ಪ ತಿರುಗಿ ತಿರುಗಿ ನೋಡುತ್ತ, ಹೆದರಿ ಓಡಿಯಾಳೆಂದು ಹೆಜ್ಜೆ ನಿಧಾನ ಮಾಡುತ್ತ ನಡೆದ. ಬಸ್ಸು ಬಂದು ನಿಂತಾಗ ಅವಳು ಅವನನ್ನು ಕೇಳಿದಳು:

"ಇನ್ನ ನೀ ಸಂಜೀಕ ಬರೂದಿಲ್ಲ, ಹೌದಲ್ಲಪ್ಪ?"

"ಇಲ್ಲವ್ವ, ಬರೂದಿಲ್ಲ."

ಹುಡುಗಿಯ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಅಪ್ಪನ ಮುಖ ನೋಡಿ ನಕ್ಕಳು. ಬಸ್ಸು ಕಣ್ಮರೆಯಾಗುವ ತನಕ ಕೈ ಬೀಸಿದಳು. ಆಮೇಲೆ ನನ್ನ ಕೈ ಹಿಡಿದು ಮನೆಯ ತನಕ ಹರಟುತ್ತ ಬಂದು, ಅಪ್ಪ ಇನ್ನು ಸಂಜೆಗೆ ಬರುವುದಿಲ್ಲವಂತೆ ಎಂದು ತಾಯಿಗೂ ನಗುನಗುತ್ತ ಹೇಳಿದಳು. ಒಂದು ಸಲವೂ ಕೆಮ್ಮಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಮಲ್ಲಿಕಸಾಬ ಮನೆಗೆ ಬೇಕಾದ ಕಾಳುಕಡಿ ಕೊಟ್ಟು ಹೋಗಲು ಬಂದಿದ್ದ. ಮಿಂದು ಬೇರೆ ಬಟ್ಟೆ ತೊಟ್ಟೇ ಬಂದಿದ್ದ, ಗೋಣೆಪ್ಪ ಹಾಗೆ ತಾಕೀತು ಮಾಡಿ ಕಳಿಸಿದ್ದನಂತೆ. ಗಂಡ ಹೇಗಿದ್ದಾನೆ ಎಂದು ಮರಿಯವ್ವ ಕೇಳಿದಳು.

"ಆರಾಮ ಅದಾನ ತಂಗಿ. ನನ್ನ ಮಗಳು ಬಸ್ಸಿನ ತನಕ ನಕ್ಕೋತ ಕಳಸಾಕ ಬಂದಿದ್ಲು ಅಂತ ಪ್ಯಾಟಿ ತುಂಬ ಹೇಳಕೊಂತ ಅಡ್ಡಾಡತಾನ."

"ಹೌದಣ್ಣ, ಬಂದಿದ್ಲು," ಎಂದು ಮರಿಯವ್ವ ಕಾಳಿನ ಚೀಲ ಒಳಗೆ ಎಳೆದುಕೊಂಡಳು.