ವಯಸ್ಸಾಗದ ಮಣ್ಣು

ನಮ್ಮ ಲಡಾಖಿನ ಹಳ್ಳಿಯಲ್ಲಿ ಯಾರಾದರೂ ಹಳೆ ಗೋಡೆ ಕೆಡವಿದರೆ, ಧೂಳು ಅಡಗುವ ಮೊದಲೇ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಊರಿಗೆಲ್ಲ ಅಜ್ಜನಾದ ಪುಂಚೋಕ್ ಮೇಮೆ ಹಾಜರಾಗುತ್ತಾನೆ. "ಚೆಲ್ಲಬೇಡ್ರೋ, ಆ ಮಣ್ಣಿಗಿನ್ನೂ ವಯಸ್ಸಾಗಿಲ್ಲ" ಎನ್ನುತ್ತ, ಬಿಸಿಲಲ್ಲಷ್ಟೇ ಒಣಗಿಸಿದ ಆ ಇಟ್ಟಿಗೆಯ ಚೂರನ್ನೆಲ್ಲ ನೆನೆಸಿ, ತುಳಿಸಿ, ಮತ್ತೆ ಅಚ್ಚಿಗೆ ಹಾಕಿಸುವವರೆಗೆ ಅಲ್ಲಿಂದ ಅಲ್ಲಾಡುವುದಿಲ್ಲ. ಸಿಮೆಂಟಿನ ಮನೆಗೆ ಹೋದರೆ ಟೊಪ್ಪಿಗೆ ತೆಗೆಯುವುದಿಲ್ಲ. ಅಲ್ಲಿನ ಚಳಿಗೆ ಬೆಣ್ಣೆ ಚಹಾ ತನ್ನ ಕೈಗೆ ಬರುವಷ್ಟರಲ್ಲಿ ಹೆಪ್ಪುಗಟ್ಟಿತ್ತೆಂದು ಆಣೆ ಮಾಡುತ್ತಾನೆ. ಮದುವೆಮನೆಯಲ್ಲೂ ಮೊದಲು ಗೋಡೆ ತಟ್ಟಿ ನೋಡಿ, ಆಮೇಲೆ ಮದುಮಗಳನ್ನು ಹರಸುತ್ತಾನೆ. "ಮೇಮೆ, ನಿಮ್ಮನ್ನೂ ನೆನೆಸಿ ಅಚ್ಚಿಗೆ ಹಾಕೋಣ್ವಾ?" ಎಂದು ಹೆಂಗಸರು ಕಿಚಾಯಿಸಿದರೆ, "ಹಾಕಿ, ಹುಲ್ಲು ಜಾಸ್ತಿ ಬೆರೆಸಿ, ಇಲ್ಲಾಂದ್ರೆ ಬಿರುಕು ಬಿಡ್ತೀನಿ" ಎನ್ನುತ್ತಾನೆ. ಅವನ ಅಡುಗೆಮನೆಯ ದಕ್ಷಿಣದ ಗೋಡೆ ಹೆಂಡತಿ ಯಾಂಗ್‌ಸ್ಕಿತಳ ತವರಿನ ಮಣ್ಣಿನದು. ಆ ಮನೆ ಬಿದ್ದಾಗ ಹೊಳೆಯಾಚೆಯಿಂದ ಅವನೇ ಹೊತ್ತು ತಂದದ್ದು. ಅವಳಿಗೆ ಈಗ ಗಂಡನ ಹೆಸರೂ ನೆನಪಿಲ್ಲ. ಹಗಲೆಲ್ಲ ಬಿಸಿಲಿಗೆ ಕಾದ ಆ ಗೋಡೆ ಸಂಜೆ ಒಳಗೆ ಬೆಚ್ಚಗಾದಾಗ, ಅದಕ್ಕೆ ಬೆನ್ನು ಕೊಟ್ಟು ಕೂತು, "ಅಮ್ಮ ಒಲೆ ಹಚ್ಚಿದ್ಲು" ಎನ್ನುತ್ತಾಳೆ. ಊರವರೊಂದಿಗೆಲ್ಲ ವಾದ ಹೂಡುವ ಮೇಮೆ, "ಹೂಂ, ಹಚ್ಚಿದ್ಲು. ಇನ್ನೂ ಸ್ವಲ್ಪ ಒರಗು" ಎಂದು ಅವಳ ಕಾಲಿಗೆ ಕಂಬಳಿ ಹೊದಿಸುತ್ತಾನೆ.