ಹೆಪ್ಪು ಸಿಗುವ ಓಣಿ

ಮೊನ್ನೆ ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಗಾಳಿ ಸೇವನೆ ಮಾಡುತ್ತಿದ್ದೆ. ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಉಳಿದಿತ್ತು. ಒಳಗಿನಿಂದ ಹಾಲು ಕಾಯುವ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ರಸ್ತೆಯ ಆ ತುದಿಯಿಂದ ಗೌರಕ್ಕ ನಡೆದು ಬರುವುದು ಕಾಣಿಸಿತು. ರಾಣೇಬೆನ್ನೂರಿನ ಪೇಟೆಯ ಹಿಂದಿನ ಓಣಿಯಲ್ಲಿ ನಾವು ಬಾಡಿಗೆಗಿದ್ದಾಗ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯವರು ಅವರು. ಕೈಯಲ್ಲೊಂದು ಸಣ್ಣ ಸ್ಟೀಲಿನ ಬಟ್ಟಲು, ಅದರ ಮೇಲೆ ಅರ್ಧ ಸೆರಗು. ಹೆಪ್ಪು ಕೇಳಲು ಹೊರಟ ಹೆಂಗಸರು ಮಾತ್ರ ಬಟ್ಟಲನ್ನು ಹಾಗೆ ಹಿಡಿಯುತ್ತಾರೆ. ನನಗರಿವಿಲ್ಲದೆ ನನ್ನ ಬೆನ್ನು ನೆಟ್ಟಗಾಯಿತು. ಯಾಕೆಂದು ಹೇಳುತ್ತೇನೆ, ಕೇಳಿ. ಗೌರಕ್ಕನದು ಮಂಡಿನೋವಿನ ನಡಿಗೆ. ಅವರು ಗೇಟು ಮುಟ್ಟುವುದರೊಳಗೆ ಕತೆ ಮುಗಿಯುತ್ತದೆ.

ನಾವಿಲ್ಲಿ ಮನೆ ಕಟ್ಟಿದಾಗ ಇದು ಬಡಾವಣೆ ಎಂಬುದು ದಾರಿಯ ಮೇಲಿನ ಫಲಕಕ್ಕೆ ಮಾತ್ರ ಗೊತ್ತಿತ್ತು. ಹಲಗೇರಿಯ ಕಡೆ ಊರು ಮುಗಿದು ಹೊಲ ಶುರುವಾಗುವಲ್ಲಿ, ಗೋವಿನಜೋಳ ಬೆಳೆಯುತ್ತಿದ್ದ ನೆಲಕ್ಕೆ ಕಲ್ಲು ನೆಟ್ಟು ಪ್ಲಾಟು ಮಾಡಿದ್ದರು. ಆಟೋದವರು ಕೊನೆಯ ಲೈಟಿನ ಕಂಬದ ತನಕ ಬಂದು, "ಇಲ್ಲೇ ಇಳೀರಿ ಸಾಹೇಬ್ರ, ಮುಂದ ರಸ್ತೆ ಇಲ್ಲ" ಎನ್ನುತ್ತಿದ್ದರು. ರಸ್ತೆ ಇತ್ತು, ವಾಪಸ್ ಹೋಗುವಾಗ ಗಿರಾಕಿ ಇರುತ್ತಿರಲಿಲ್ಲ. ಹಾಗೆಯೇ ನಮ್ಮಲ್ಲಿ ನಳ ಇತ್ತು, ನೀರು ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ, ಬಸ್ಸು ಹತ್ತುವ ಹೊತ್ತಿಗೆ ನಾನು ನಾಲ್ಕು ಬೆರಳು ಎತ್ತರವಾಗಿರುತ್ತಿದ್ದೆ. ಹಾವೇರಿಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು ಕರ್ಜಗಿಯಿಂದ ಬೈಕಿನಲ್ಲಿ ಬರುತ್ತಿದ್ದ. ನನ್ನ ಪಾದ ನೋಡಿ ಅವನು, "ನಾನು ಹಳ್ಳಿಯಂವ, ನನ್ನ ಬೂಟು ನೋಡ್ರಿ. ನೀವು ಪ್ಯಾಟಿಯವರು, ನಿಮ್ಮ ಕಾಲು ನೋಡ್ಕೊಳ್ರಿ" ಎಂದು ನಗುತ್ತಿದ್ದ.

ಆದರೆ ಗಾಳಿ! ಹಳೆಯ ಓಣಿಯಲ್ಲಿ ನಮ್ಮ ಕಿಟಕಿ ತೆಗೆದರೆ ಗೌರಕ್ಕನ ಒಗ್ಗರಣೆ ಕಾಣುತ್ತಿತ್ತು. ಇಲ್ಲಿ ಕಿಟಕಿ ತೆಗೆದರೆ ಹೊಲಗಳ ಮೇಲಿಂದ ಮಳೆ ಬರುವುದನ್ನು ನೋಡಿ, ಒಣಹಾಕಿದ ಬಟ್ಟೆ ತೆಗೆದು, ಮಡಚಿಟ್ಟು, ಚಹಾಕ್ಕೆ ನೀರಿಟ್ಟರೂ ಮಳೆ ಇನ್ನೂ ಬಂದಿರುತ್ತಿರಲಿಲ್ಲ. ಸಿಕ್ಕವರಿಗೆಲ್ಲ ನಾನು ಈ ಗಾಳಿಯ ವರ್ಣನೆ ಮಾಡುತ್ತಿದ್ದೆ. ಕೇಳಿದವರು ಪಾಪ, ತಲೆಯಾಡಿಸಿ ಲಗೂ ಲಗೂ ಹೊರಟುಬಿಡುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅವರು ಮನಸ್ಸಿನಲ್ಲೇ ಅಂದುಕೊಂಡಿರಬೇಕು.

ನನ್ನ ಹೆಂಡತಿ ಶಾಂತಾಳಿಗೆ ಮಾತ್ರ ಗಾಳಿ ಸಾಲುತ್ತಿರಲಿಲ್ಲ. ಅವಳು ಬ್ಯಾಡಗಿಯವಳು. ಸುಗ್ಗಿಯಲ್ಲಿ ಇಡೀ ಊರು ಮೆಣಸಿನಕಾಯಿಯ ಘಾಟಿಗೆ ಒಟ್ಟಿಗೇ ಸೀನುವಂಥ ಕಡೆ ಬೆಳೆದವಳು. ಒಬ್ಬಳೇ ಸೀನಿದರೆ "ಚಿರಂಜೀವಿ" ಎನ್ನಲೂ ಒಂದು ಜೀವ ಇಲ್ಲದ ಜಾಗ ಇದು ಎಂಬುದು ಅವಳ ದೂರು. ಆದರೂ ನನ್ನ ಉಮೇದಿಗೆ ಒಪ್ಪಿ ಬಂದಿದ್ದಳು.

ಗೃಹಪ್ರವೇಶಕ್ಕೆ ಬ್ಯಾಡಗಿಯಿಂದ ಅವಳ ತವರಿನವರು ದಂಡಾಗಿ ಬಂದರು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕೊನೆಗೆ ಮೊಸರನ್ನ. ಅವರು ಹೋದ ದಿನವೇ ಸಂಜೆ ಹಾಲು ಕಾಯಿಸಿ ಆರಿಸಿಟ್ಟ ಶಾಂತಾ ಮೊಸರಿನ ಗಡಿಗೆಗೆ ಕೈ ಹಾಕಿದರೆ, ಅದು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಮಂದಿ ಹೆಪ್ಪಿಗೂ ಉಳಿಸಿರಲಿಲ್ಲ. ಅವಳು ಅಭ್ಯಾಸಬಲದಿಂದ ಬಟ್ಟಲು ಹಿಡಿದು ಹೊರಗೆ ಬಂದಳು. ಬಾಗಿಲಲ್ಲಿ ನಿಂತು ಎಡಕ್ಕೆ ನೋಡಿದಳು: ಹೊಲ. ಬಲಕ್ಕೆ ನೋಡಿದಳು: ಹೊಲ. ಎದುರಿಗೆ ಯಾರದೋ ಪ್ಲಾಟಿನ ಕಲ್ಲಿನ ಮೇಲೆ ಒಂದು ಓತಿಕ್ಯಾತ ತಲೆಯಾಡಿಸುತ್ತಿತ್ತು.

"ಹೆಪ್ಪು ಸಿಗಲಾರದ ಜಾಗಾದಾಗ ಹೆಂಗ ಬಾಳೇ ಮಾಡೂದ್ರಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಹಳೇ ಮನಿಗೆ ಇನ್ನೂ ಯಾರೂ ಬಂದಿಲ್ಲಂತ. ಇದನ್ನ ಬಾಡಿಗಿಗೆ ಕೊಡ್ರಿ. ನಾವು ಹೊಳ್ಳಿ ಓಣಿಗೆ ಹೋಗೂಣು."

ಪ್ಯಾಕೆಟ್ ಮೊಸರು ತರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ, ಅವಳು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಬಟ್ಟಲು ಇಸಿದುಕೊಂಡು ಸ್ಕೂಟರ್ ಹತ್ತಿದೆ. ಗೌರಕ್ಕನ ಮನೆಯಿಂದ ಎರಡು ಚಮಚ ಹೆಪ್ಪು ತಂದರೆ ನನ್ನ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮಾತು ಅಷ್ಟಕ್ಕೆ ಬಂದು ನಿಂತಿತ್ತು. ಇಷ್ಟಾದರೂ ಬುದ್ಧಿ ಬರಬೇಕಲ್ಲ! ಪೇಟೆಯ ತಿರುವಿನಲ್ಲಿ ಪರಿಚಯದವರೊಬ್ಬರು ಸಿಕ್ಕು, "ಹೊಸ ಮನಿ ಹೆಂಗೈತ್ರಿ?" ಎಂದರು. ನಾನು ಸ್ಕೂಟರ್ ಬಂದ್ ಮಾಡಿ ಗಾಳಿಯ ವಿಷಯ ತೆಗೆದೆ.

ಗೌರಕ್ಕನ ಬಾಗಿಲಿಗೆ ಹೋಗುವ ಹೊತ್ತಿಗೆ ಒಳಗೆ ದೇವರ ಮುಂದೆ ದೀಪ ಬೆಳಗುತ್ತಿತ್ತು, ಊದಿನಕಡ್ಡಿಯ ಹೊಗೆ ಹೊರಗೆ ಬರುತ್ತಿತ್ತು. ಬಟ್ಟಲು ನೋಡಿದ ಗೌರಕ್ಕ ಕೆನ್ನೆಗೆ ಕೈ ಹಚ್ಚಿಕೊಂಡರು.

"ಈಗರ ದೀಪ ಹಚ್ಚಿದೆ ನೋಡು ತಮ್ಮಾ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದಪಾ, ಮನೀ ಲಕ್ಷ್ಮಿ ಹೋಗ್ತಾಳ. ಮುಂಜಾನೆ ಬಾ. ಅಲ್ಲಾ, ಓಣಿ ಬಿಟ್ಟು ಹೊಲದಾಗ ಹೋಗಿ ಮನಿ ಕಟ್ಟಂತ ನಿನಗ ಯಾರು ಹೇಳಿದ್ರು?"

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಕೂಡ್ರಿಸಿ ಚಹಾ ಕುಡಿಸಿಯೇ ಕಳಿಸಿದರು. ಆದರೆ ಆ 'ಹೊಲದಾಗ' ಎಂಬ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ದಾರಿಯುದ್ದಕ್ಕೂ ಇದಕ್ಕೊಂದು ತಕ್ಕ ಉತ್ತರ ಹೊಸೆಯುತ್ತಲೇ ಬಂದೆ. ಮನೆ ತಲುಪುವಷ್ಟರಲ್ಲಿ ಅದು ಬಹಳ ಚೆನ್ನಾಗಿ ತಯಾರಾಯಿತು. ಬಟ್ಟಲು ಮಾತ್ರ ಖಾಲಿಯೇ ಇತ್ತು.

ಶಾಂತಾ ಖಾಲಿ ಬಟ್ಟಲು ಇಸಿದುಕೊಂಡು ಬೋರಲು ಹಾಕಿದಳು. ಅಷ್ಟರಲ್ಲಿ ಬ್ಯಾಡಗಿಯಿಂದ ಅವಳ ಅವ್ವನ ಫೋನು. ಎಲ್ಲರೂ ಸುಖವಾಗಿ ಮುಟ್ಟಿದೆವು ಎಂದು ಹೇಳಲು ಮಾಡಿದ್ದರು. ಮಗಳು ಹೆಪ್ಪಿನ ಕತೆ ಹೇಳುತ್ತ ಅತ್ತೇಬಿಟ್ಟಳು. ಆ ಕಡೆಯಿಂದ ನಮ್ಮತ್ತೆಯ ದನಿ ನನಗೂ ಕೇಳಿಸಿತು.

"ಹುಚ್ಚಿ, ಬ್ಯಾಡಗಿ ಮಗಳಾಗಿ ಹೆಪ್ಪಿಗೆ ಅಳ್ತೀಯೇನು? ಮನ್ಯಾಗ ಒಣಮೆಣಸಿನಕಾಯಿ ಅದಾವಿಲ್ಲೋ? ತುಂಬು ಮುರೀಬ್ಯಾಡ, ತುಂಬು ಸಮೇತ ನಾಕು ಕಾಯಿ ಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿಡು. ಮುಂಜಾನಿಮಟಾ ತಗೀಬ್ಯಾಡ."

ತೊಟ್ಟು ಸಮೇತ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಸುಕ್ಕುಸುಕ್ಕಾಗಿ ಕೆಂಪಗೆ, ಹಾಲಿನಲ್ಲಿ ತೇಲಿದವು. ನನಗೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ಖಾರದ ಹಾಲು ಕುಡಿದ ಬೆಕ್ಕಿನ ಗತಿಯ ಬಗ್ಗೆ ಏನೋ ತಮಾಷೆ ಮಾಡಲು ಹೋದೆ. ಅವಳು ನಗಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಶಾಂತಾ ಅಡುಗೆಮನೆಯಲ್ಲಿ ಗಡಿಗೆಯನ್ನು ಓರೆ ಮಾಡಿ ಹಿಡಿದಿದ್ದಳು. ಹಾಲು ಜಾರಲಿಲ್ಲ. ತೆಳ್ಳಗೆ, ಹಸುಗೂಸಿನ ನೆತ್ತಿಯಂತೆ ಮೆತ್ತಗೆ, ಆದರೂ ಖರೇ ಮೊಸರು; ಕಾಯಿ ತೇಲಿದಲ್ಲಿ ತುಸು ಕೆಂಪು. ಆ ಮೊಸರನ್ನೇ ಹೆಪ್ಪಾಗಿ ಹಾಕಿದ್ದಕ್ಕೆ ಮರುದಿನ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಯಿತು. "ಇದು ಯಾರ ಮನಿ ಹೆಪ್ಪೂ ಅಲ್ರಿ. ನಮ್ಮ ಮನೀದು" ಎಂದಳು. ಅವಳ ಮುಖದಲ್ಲಿ ಆಗ ಕಂಡ ಹೆಮ್ಮೆ, ನನ್ನ ಗಾಳಿಯ ಹೆಮ್ಮೆಗಿಂತ ಬಹಳ ದೊಡ್ಡದು. ಹಳೆಯ ಮನೆಯ ಮಾತು ಅಂದಿಗೇ ನಿಂತಿತು.

ಆಮೇಲೆ ಒಂದೊಂದೇ ಮನೆ ಎದ್ದವು. ಯಾರದಾದರೂ ಹೊಸ ಮನೆಯಲ್ಲಿ ಹಾಲುಕ್ಕಿಸಿದರೆಂದರೆ ಸಾಕು, ಅವರು ಕೇಳುವ ಮೊದಲೇ ಶಾಂತಾ ಬಟ್ಟಲಲ್ಲಿ ಹೆಪ್ಪು ಒಯ್ದು ಕೊಟ್ಟು ಬರುತ್ತಿದ್ದಳು. ಈಗ ಇಲ್ಲಿನ ಅಷ್ಟೂ ಮನೆಗಳ ಮಜ್ಜಿಗೆಗೆ ನಮ್ಮ ಅಡುಗೆಮನೆಯೇ ತವರುಮನೆ. ಆಟೋದವರು ಈಗ ಗೇಟಿನ ತನಕ ಬರುತ್ತಾರೆ. ನಳದಲ್ಲಿ ನೀರೂ ಬರುತ್ತದೆ, ಅದಕ್ಕೆ ಮನಸ್ಸು ಬಂದಾಗ. ಗಾಳಿ ತುಸು ಕಡಿಮೆಯಾಗಿದೆ, ಖರೇ. ಎದುರಿಗೆ ಮಹಡಿ ಎದ್ದಿದೆ. ಓತಿಕ್ಯಾತ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಊರು ನಮ್ಮನ್ನು ದಾಟಿಕೊಂಡು ಇನ್ನೂ ಆಚೆಗೆ ಹೋಗಿದೆ. ಗೌರಕ್ಕನ ಮಗ ಮನೆ ಕಟ್ಟಿದ್ದು ಆ ಆಚೆಯಲ್ಲಿ. ಮೊನ್ನೆ ಮೊನ್ನೆ ಗೃಹಪ್ರವೇಶ ಆಗಿ ಗೌರಕ್ಕನೂ ಅಲ್ಲಿಗೇ ಬಂದಿದ್ದಾರೆ. ನಾವೂ ಹೋಗಿ ಮೊಸರನ್ನ ಎರಡು ಸಲ ಹಾಕಿಸಿಕೊಂಡು ಬಂದೆವು.

ಇಗೋ, ಗೌರಕ್ಕ ಗೇಟು ಮುಟ್ಟಿದರು.

"ಶಾಂತವ್ವಾ, ದೀಪ ಹಚ್ಚಿದೇನವಾ?" ಎಂದು ಅಲ್ಲಿಂದಲೇ ಕೇಳಿದರು. ದನಿ ಸಣ್ಣಗಿತ್ತು.

ನಾನು ಒಳಗೆ ನೋಡಿದೆ. ಶಾಂತಾ ದೇವರ ಮುಂದೆ ಎಣ್ಣೆ ಹಾಕಿ, ಬತ್ತಿ ಹೊಸೆದಿಟ್ಟು, ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದಳು. ಹೊರಗೆ ಆಗಲೇ ಮಬ್ಬುಗತ್ತಲು. ಇಷ್ಟು ವರ್ಷ ಜೋಪಾನ ಮಾಡಿದ ನನ್ನ ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು.

ಶಾಂತಾ ಕಡ್ಡಿಪೆಟ್ಟಿಗೆಯನ್ನು ಗೂಡಿನಲ್ಲಿಟ್ಟಳು. "ಇಲ್ರಿ ಗೌರಕ್ಕಾರ, ಇನ್ನೂ ಹಚ್ಚಿಲ್ಲ. ಒಳಗ ಬರ್ರಿ, ಕುಂದ್ರಿ" ಎಂದಳು. ಬಟ್ಟಲಿಗೆ ಹೆಪ್ಪು ಹಾಕಿದಳು. ಇರಲಿ ಎಂದು ತೊಟ್ಟು ಸಮೇತ ಒಂದು ಹಿಡಿ ಮೆಣಸಿನಕಾಯಿಯನ್ನೂ ಅವರ ಸೆರಗಿಗೆ ಹಾಕಿದಳು. ಗೌರಕ್ಕ ಬಟ್ಟಲು ಮುಚ್ಚಿಕೊಂಡು, ಕಟ್ಟೆ ಇಳಿಯುತ್ತ ರಸ್ತೆಯ ಎರಡೂ ಕಡೆ ನೋಡಿದರು. "ನಿಮ್ಮ ಓಣಿ ಚೊಲೋ ಐತಿ ಬಿಡು ತಮ್ಮಾ. ನಮ್ಮದಿನ್ನೂ ಹೊಲಾನ" ಎಂದರು.

ನನ್ನ ಉತ್ತರವನ್ನು ನುಂಗಿಕೊಂಡೆ. ಅದರ ಅಗತ್ಯ ಬೀಳಲಿಲ್ಲ. ಸಾಲಾಗಿ ಎಲ್ಲ ಮನೆಗಳಲ್ಲೂ ದೀಪ ಹತ್ತಿದ್ದವು, ನಮ್ಮದೊಂದೇ ಕತ್ತಲೆಯಲ್ಲಿತ್ತು. ಗೌರಕ್ಕ ತಿರುವು ದಾಟಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತಿದ್ದ ಶಾಂತಾ, ಆಮೇಲೆ ಒಳಗೆ ಹೋಗಿ ಕಡ್ಡಿ ಗೀರಿದಳು.