ಬಾಗಿದ ಮೊಳೆ ಮತ್ತು ಹದಿಮೂರು ಜೇಬಿನ ಚೀಲ

ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲಿ, ನನ್ನ ಕೋಣೆಯ ಬಾಗಿಲ ಹಿಂದಿನ ಮೊಳೆ ಬಾಗಿದೆ. ಅದಕ್ಕೆ ನೇತುಬಿದ್ದಿರುವುದು ಒಂದು ಖಾಲಿ ಚೀಲ. ಖಾಲಿ ಚೀಲಕ್ಕೆ ಮೊಳೆ ಬಾಗುವುದುಂಟೆ ಎಂದು ನಿಮಗೆ ಅನ್ನಿಸಿದರೆ, ನೀವು ನನಗಿಂತ ಜಾಣರು; ನನಗದು ಸಕಾಲದಲ್ಲಿ ಅನ್ನಿಸಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಬಡಾವಣೆಯ ಮಲ್ಲಣ್ಣನವರು ವರ್ಷಕ್ಕೊಮ್ಮೆ ಐದಾರು ಕಾಲೇಜು ಹುಡುಗರನ್ನು ಹಕ್ಕಿ ನೋಡಲು ಕಾಡಿನಂಚಿಗೆ ಕರೆದೊಯ್ದು, ಎರಡು ದಿನ ಡೇರೆಯಲ್ಲಿರಿಸುತ್ತಿದ್ದರು. ಆಯ್ಕೆಗೆ ಅವರದೇ ಪರೀಕ್ಷೆ: ಹೊರಡುವ ಹಿಂದಿನ ಭಾನುವಾರ ತುಂಬಿದ ಚೀಲ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕು, ದೊಡ್ಡ ನಂದಿ ಬರುವ ಮೊದಲು ಚೀಲ ಇಳಿಸಿದವನು ಮನೆಯಲ್ಲೇ ಉಳಿಯಬೇಕು. ಹಿಂದಿನ ವರ್ಷ ನಾನು ಅಪ್ಪನ ಏರ್‌ಬ್ಯಾಗನ್ನು ಒಂದೇ ಹೆಗಲಿಗೆ ತೂಗುಹಾಕಿಕೊಂಡು ಹೋಗಿ, ನೂರ ನಲವತ್ತೊಂದನೆಯ ಮೆಟ್ಟಿಲಿನಲ್ಲಿ ಇಳಿಸಿ, ಮನೆಯಲ್ಲೇ ಉಳಿದಿದ್ದೆ. ಮೆಟ್ಟಿಲಿನ ಲೆಕ್ಕ ಡೈರಿಯಲ್ಲಿದೆ, ಅವಮಾನಕ್ಕೆ ಲೆಕ್ಕವಿಟ್ಟಿಲ್ಲ.

ಈ ಸಲ ಶಾಸ್ತ್ರೋಕ್ತವಾಗಿ ಹೊರಟೆ. ಅಂಗಡಿಯ ಚೀಲಗಳೆಲ್ಲ ಸ್ಕೂಲ್ ಮಕ್ಕಳಿಗೆ ತಕ್ಕವಾಗಿ ಕಂಡದ್ದರಿಂದ, ಉದಯಗಿರಿಯಲ್ಲಿ ಆಟೋ ಸೀಟು ಹೊಲಿಯುವ ಬಾಷಾ ಭಾಯ್‌ಗೆ ಹತ್ತು ಜೇಬಿನ ನಕ್ಷೆ ಕೊಟ್ಟೆ. ವಾರ ಕಳೆದು ಹೋದರೆ ಜೇಬುಗಳು ಹದಿಮೂರಾಗಿದ್ದವು. ಬಟ್ಟೆ ಲಾರಿಯ ಟಾರ್ಪಾಲು, ಬಕಲುಗಳು ಕಬ್ಬಿಣ.

“ಕಾಡಿಗೆ ಅಂದ್ರಲ್ಲಾ ಸ್ವಾಮಿ, ಶಿಕಾರಿಗೇ ತಾನೆ? ಇದು ಕೋವಿ ಸಿಗಿಸೋಕೆ. ಇದ್ರಲ್ಲಿ ಮೊಲ ಹಾಕಿ, ಒಳಗೆಲ್ಲಾ ರೆಕ್ಸಿನ್ ಹೊಡ್ದಿದೀನಿ, ಒಂದು ತೊಟ್ಟು ರಕ್ತ ಸೋರಲ್ಲ.”

ಮೊಟ್ಟೆಯನ್ನೂ ಮುಟ್ಟದ ಮನೆತನದವನು ನಾನು. ಆದರೂ ಆ ಕುಶಲಕರ್ಮದ ಮುಂದೆ ಬೇಟೆ ನಿಷಿದ್ಧವೆಂದು ಹೇಳಲು ಬಾಯಿ ಬರಲಿಲ್ಲ. ಮೊಲದ ಜೇಬಿನಲ್ಲಿ ಅಮ್ಮನ ಚಪಾತಿ ಇಟ್ಟೆ.

ಮೂಲೆಯಂಗಡಿಯ ತಕ್ಕಡಿಯಲ್ಲಿ ಟಾರ್ಚು, ಹೊದಿಕೆ, ಕಡಲೆಕಾಯಿ, ಕಡೆಗೆ ಡೈರಿಯನ್ನೂ ತೂಗಿ ಪಟ್ಟಿ ಮಾಡಿದೆ: ಒಟ್ಟು ಆರೂವರೆ ಕಿಲೋ. ಅಷ್ಟನ್ನು ಹೊರಲಾರೆನೆ? ಸಮಸ್ತವನ್ನೂ ತೂಗಿದ ಮಹಾನುಭಾವನು ಚೀಲವನ್ನು ಮಾತ್ರ ತೂಗಿರಲಿಲ್ಲ.

ಇನ್ನೂರನೆಯ ಮೆಟ್ಟಿಲಿನಲ್ಲಿ ನಿಂತು, ಆರೂವರೆ ಕಿಲೋದ ಪಟ್ಟಿಯನ್ನು ಮನಸ್ಸಿನಲ್ಲೇ ಮತ್ತೆ ಕೂಡತೊಡಗಿದೆ. ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ದಾಟಿ ಮುಂದೆ ಹೋದರು. “ಜರುಗಪ್ಪಾ, ನಿಂಗೂ ಹಚ್ಚಿಬುಟ್ಟೇನು!” ಎಂದರು.

ಮುನ್ನೂರ ಹನ್ನೆರಡನೆಯ ಮೆಟ್ಟಿಲಿನಲ್ಲಿ ನಾನು ಸೋತೆ. ಕಾಡು ಬೇಡ, ಹಕ್ಕಿ ಬೇಡ ಎಂದು ಎರಡೂ ಹೆಗಲಪಟ್ಟಿಗಳನ್ನು ಎದೆಯ ಮೇಲೆ ಬಿಗಿದಿದ್ದ ಬಕಲ್ ಎಳೆದೆ. ಬರಲಿಲ್ಲ. ಗುದ್ದಿದೆ, ಹಲ್ಲಿನಿಂದಲೂ ಪ್ರಯತ್ನಿಸಿದೆ. ಅದು ಕೊಟ್ಟ ಮಾತನ್ನು ಬಿಡದ ಸತ್ಯಸಂಧನಂತೆ ಕಚ್ಚಿಕೊಂಡಿತ್ತು. ಚೀಲ ಇಳಿಯದ ಮೇಲೆ, ಹತ್ತುವುದನ್ನುಳಿದು ಮಾಡುವುದಾದರೂ ಏನು?

ನಂದಿಯ ಬಳಿ ಉಳಿದವರೆಲ್ಲ ಚೀಲ ಬಿಸಾಡಿ ಅಂಗಾತ ಬಿದ್ದಿದ್ದರು. ನಾನು ಹೊತ್ತೇ ನಿಂತಿದ್ದೆ.

“ನೋಡ್ರೋ, ಇವನು ಇಲ್ಲಿಗೆ ಬಂದ್ರೂ ಇಳಿಸ್ತಿಲ್ಲ. ಗಂಡಸು ಕಣ್ರೋ ಇವ್ನು! ಹೋದ್ವರ್ಷ ಎಂಗಿದ್ದ!” ಎಂದು ಮಲ್ಲಣ್ಣ ಬೆನ್ನು ತಟ್ಟಿದರು, ತಟ್ಟಿದ್ದು ಟಾರ್ಪಾಲನ್ನು. ಬೆಟ್ಟದ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ. ಅದನ್ನೂ ತಪಸ್ಸೆಂದರು.

ಮನೆಯಲ್ಲಿ ಅಮ್ಮ, “ಇದೇನೋ, ಗೋಡೋನ್ ಕಟ್ಕೊಂಡ್ ಬಂದ್ಬುಟ್ಟೆ?” ಎನ್ನುತ್ತ ಕೊಬ್ಬರಿ ಎಣ್ಣೆ ಬಿಟ್ಟು ಬಕಲ್ ಬಿಡಿಸಿದಳು. ಚೀಲವನ್ನು ಖಾಲಿಮಾಡಿ ತೂಗಿಸಿದೆ: ಐದೂ ಕಾಲು ಕಿಲೋ.

ಡೈರಿಯಲ್ಲಿ ಆ ದಿನ, ‘ನಂದಿಯವರೆಗೆ ಚೀಲ ಇಳಿಸಲಿಲ್ಲ’ ಎಂದಿದೆ. ಸುಳ್ಳಲ್ಲ. ಕಾಡಿಗೆ ಹೋದದ್ದೂ ನಿಜ, ತಂಗಿಯ ಸ್ಕೂಲ್ ಬ್ಯಾಗು ಹೊತ್ತು.

ಅಂದಿನಿಂದ ಯಾರನ್ನಾದರೂ ಅಚಲರೆಂದು ಜನ ಹೊಗಳಿದಾಗಲೆಲ್ಲ, ನನ್ನ ಕಣ್ಣು ಮೆಲ್ಲಗೆ ಅವರ ಬಕಲನ್ನು ಹುಡುಕುತ್ತದೆ. ಬಾಗಿಲ ಹಿಂದಿನ ಮೊಳೆಯೂ ಅಷ್ಟೆ. ಇಷ್ಟು ವರ್ಷ ಬಾಗಿಯೂ ಬೀಳದ ಅದರ ನಿಷ್ಠೆಯನ್ನು ಮೆಚ್ಚಿ ನಿನ್ನೆ ಚೀಲ ತೆಗೆಯಹೋದೆ; ಬಕಲ್ ಮೊಳೆಯನ್ನೇ ಕಚ್ಚಿಕೊಂಡಿತ್ತು, ಎಣ್ಣೆ ಬೇಕಾಯಿತು.